ಹಡಗಲಿ ಮೇಷ್ಟ್ರ ಪ್ರಬಂಧ ಸರಳವಾದದ್ದು

ಹರಪನಹಳ್ಳಿ ಬಸ್‌ಸ್ಟ್ಯಾಂಡ್ ಎದುರಿನ ನನ್ನ ಡಿಟಿಪಿ ಅಂಗಡಿಗೆ ಓದಿದವರು ಬರುತ್ತಿರುವ ತನಕ ನಗುವುದಕ್ಕೆ ನಾನು ಬೇರೆ ಕಡೆ ಹೋಗಬೇಕಿಲ್ಲ.

ಲಗ್ನಪತ್ರಿಕೆಯಿಂದ ಶುರು ಮಾಡಿದವಳು, ಪುಸ್ತಕ ಮುಂದಿಟ್ಟುಕೊಂಡು ಲೇಟೆಕ್ ಕಲಿತೆ. ಗಣಿತದ ಪುಟಗಳನ್ನು ಅಂದವಾಗಿ ಜೋಡಿಸುವ ವಿದ್ಯೆ ಅದು. ಯಾರೂ ಕಲಿಸಲಿಲ್ಲ, ನಾನೂ ಯಾರನ್ನೂ ಕೇಳಲಿಲ್ಲ. ಈಗ ಕೂಡ್ಲಿಗಿ, ಕೊಟ್ಟೂರಿನ ಮೇಷ್ಟ್ರುಗಳೂ ಇಲ್ಲಿಗೇ ಬರುತ್ತಾರೆ. ಈಚೆಗೆ ಬಂದವರು ಹಡಗಲಿಯ ಮೇಷ್ಟ್ರು. ಪಿಎಚ್‌ಡಿ ಪ್ರಬಂಧವನ್ನು ತಾವೇ ಲೇಟೆಕ್‌ನಲ್ಲಿ ಬರೆದು ಗೋಜಲು ಮಾಡಿಕೊಂಡಿದ್ದರು. ‘ಒಂದೇ ಸರಳ ಫೈಲು ಮಾಡಿ ಕೊಡಿ, ಆಮೇಲೆ ವೈವಾ’ ಎಂದು ಯೂನಿವರ್ಸಿಟಿ ವಾಪಸ್ ಕಳಿಸಿತ್ತು.

“ಅಕ್ಕಾರ, ಇದು ಆಗಲಿಲ್ಲಂದ್ರ ನನ್ನ ಡಾಕ್ಟರೇಟ್ ಹೋತು ನೋಡ್ರಿ.”

ಕರಿ ಪರದೆ

ಫೈಲು ಸರಳ ಮಾಡುವ ಟೂಲ್ ಒಂದಿದೆ. ಅದಕ್ಕೆ ಬಟನ್ನಿಲ್ಲ, ಚಿತ್ರವಿಲ್ಲ. ಕರಿ ಪರದೆಯಲ್ಲಿ ಒಂದು ಸಾಲು ಟೈಪ್ ಮಾಡಬೇಕು, ಅಷ್ಟೇ. ಎಂಟರ್ ಒತ್ತಿದೆ.

“ಯಾವಾಗ ಶುರು ಮಾಡ್ತೀರಿ?”

“ಮುಗೀತ್ರಿ.”

“ಏನೂ ಸದ್ದಾಗಲಿಲ್ಲ?”

“ಹಿಟ್ಟಿನ ಗಿರಣಿ ಏನ್ರಿ ಇದು, ಸದ್ದಾಗಾಕ?”

ಮೇಷ್ಟ್ರು ನಂಬಲಿಲ್ಲ. ಇನ್ನೊಂದು ಸಲ, ಈ ಬಾರಿ ನಿಧಾನವಾಗಿ, ಎಂಟರ್ ಒತ್ತಿ ತೋರಿಸಿದೆ. ಆಗ ಸಮಾಧಾನವಾಯಿತು.

ಅರ್ಧ ಆದ ಫೈಲು

ಫೈಲಿನ ಗಾತ್ರ ಅರ್ಧಕ್ಕಿಳಿದಿತ್ತು. ಮೇಷ್ಟ್ರು ಎದೆ ಹಿಡಿದುಕೊಂಡರು.

“ಉಳಿದರ್ಧ ಎಲ್ಲಿ ಹೋತು?”

“ನೀವು ಬ್ಯಾಡಂತ ಶೇಕಡಾ ಗುರುತು ಹಾಕಿ ಮುಚ್ಚಿಟ್ಟ ಸಾಲ್ರಿ ಅವು. ಅಚ್ಚಿಗೆ ಬರೋವಲ್ಲ.”

ಪ್ರಿಂಟ್ ಕೊಟ್ಟೆ. ಕೊನೆಯ ಪುಟದ ಸಂಖ್ಯೆ ಮೊದಲಿನಷ್ಟೇ ಇದೆಯೆಂದು ನೋಡಿಕೊಂಡು ಉಸಿರು ಬಿಟ್ಟರು. ಒಳಗೆ ನೋಡಲಿಲ್ಲ. ಸ್ವಂತ ಪ್ರಬಂಧ ಓದುವ ಅಭ್ಯಾಸ ಅವರಿಗಿರಲಿಲ್ಲ.

ಯಾರಿಲ್ಲದೆ ಪ್ರಬಂಧವಿಲ್ಲ

ವೈವಾಕ್ಕೆ ಮೂವರು ಹಿರಿಯರು. ಒಬ್ಬರನ್ನು ಹೊಗಳಿದರೆ ಇನ್ನಿಬ್ಬರು ಮುನಿಸಿಕೊಳ್ಳುವವರು. ನಮ್ಮ ಕಡೆ ಗಂಡಿನವರಿಗೊಂದು, ಹೆಣ್ಣಿನವರಿಗೊಂದು ಲಗ್ನಪತ್ರಿಕೆ ಮಾಡಿಸುತ್ತಾರಲ್ಲ, ಮೇಷ್ಟ್ರು ಕೃತಜ್ಞತೆಯ ಪುಟವನ್ನು ಹಾಗೇ ಹೆಣೆದಿದ್ದರು. ಹಿರಿಯರಿಗೆ ಒಂದು, ಎರಡು, ಮೂರು ಎಂದು ಸಂಖ್ಯೆ; ಪ್ರತಿ ಯಾರಿಗೆ ಹೋಗುತ್ತದೋ ಅವರ ಸಂಖ್ಯೆಯನ್ನು ಫೈಲಿನಲ್ಲಿ ಹಾಕಿದರೆ, ‘ಇವರಿಲ್ಲದೆ ಈ ಪ್ರಬಂಧವೇ ಇಲ್ಲ’ ಎಂಬ ಸಾಲಿಗೆ ಅವರ ಹೆಸರು. ಸಂಖ್ಯೆ ಹಾಕದಿದ್ದರೆ ಹೆಂಡತಿಯ ಹೆಸರು. ಅದು ಮನೆಯ ಪ್ರತಿ.

ಟೂಲ್‌ಗೆ ದಾಕ್ಷಿಣ್ಯವಿಲ್ಲ, ಇಂಥ ಆಯ್ಕೆಗಳಲ್ಲಿ ಒಂದನ್ನೇ ಉಳಿಸುತ್ತದೆ. ಸಂಖ್ಯೆ ಕಾಣಲಿಲ್ಲ, ಹೆಂಡತಿಯನ್ನು ಉಳಿಸಿ ಮೂವರು ಹಿರಿಯರನ್ನೂ ಅಳಿಸಿತು. ಮೇಷ್ಟ್ರು ಅದನ್ನೇ ಮೂವರಿಗೂ ಕಳಿಸಿದರು.

ವೈವಾ ದಿನ ಮೂವರೂ ಅದೇ ಪುಟ ತೆರೆದುಕೊಂಡು ಕೂತಿದ್ದರಂತೆ. ಮೇಷ್ಟ್ರಿಗೆ ಆಗ ಗೊತ್ತಾಯಿತು, ಬೆವೆತುಹೋದರು. ಹಿರಿಯರು ಒಬ್ಬರ ಪ್ರತಿಯನ್ನೊಬ್ಬರು ಇಣುಕಿ ನೋಡಿದರು. ತಮ್ಮ ಹೆಸರಿಲ್ಲ, ಇರಲಿ; ಪಕ್ಕದವರದೂ ಇಲ್ಲ! ಆ ಸಂತೋಷದಲ್ಲಿ ಡಾಕ್ಟರೇಟ್ ಕೊಟ್ಟುಬಿಟ್ಟರು.

ಮರುವಾರ ಗಂಡಹೆಂಡತಿ ಮಲ್ಲಿಗೆ ಹಿಡಿದು ಅಂಗಡಿಗೆ ಬಂದರು. ಆಕೆಯ ಮುಖ ಅರಳಿತ್ತು.

“ಅಷ್ಟು ದೊಡ್ಡವರ ಮುಂದ ನನ್ನ ಹೆಸರು ಹಾಕ್ಯಾರ ನೋಡ್ರಿ ಅಕ್ಕಾರ. ಇವರಿಗೆ ಇಷ್ಟು ಧೈರ್ಯ ಐತಂತ ನನಗ ಗೊತ್ತಿದ್ದಿಲ್ಲ.”

ಡಾಕ್ಟರ್ ಸಾಹೇಬರು ನನ್ನ ಮುಖ ನೋಡಿದರು.

“ನನಗೂ ಗೊತ್ತಿದ್ದಿಲ್ಲ.”