ಶೂನ್ಯ ಗಣಕ್ಕೊಂದು ಉದಾಹರಣೆ

ಆ ಭಾನುವಾರ ಬೆಳಿಗ್ಗೆ ಸಿದ್ದಲಿಂಗೇಶ ಮಾಡಿದ್ದು ಇಷ್ಟೇ: ಕೊಂಬಿರುವ ಕುದುರೆಗಳನ್ನು ಅಳಿಸಿಹಾಕಿದ.

ಕುದುರೆಗಳಿದ್ದದ್ದು 'ಗಣಿತಕೋಶ'ದಲ್ಲಿ. ಅದು ನಾನಾ ಊರಿನ ಗಣಿತದ ಮೇಷ್ಟ್ರುಗಳು ಸೇರಿ ಅಂತರ್ಜಾಲದಲ್ಲಿ ಕಟ್ಟುತ್ತಿದ್ದ ವಿಶ್ವಕೋಶ. ಯಾರು ಬೇಕಾದರೂ ಬರೆಯಬಹುದು, ಬರೆದದ್ದನ್ನು ಯಾರು ಬೇಕಾದರೂ ತಿದ್ದಬಹುದು. ಕಂಪ್ಲಿಯ ಕಾಲೇಜೊಂದರಲ್ಲಿ ಗಣಿತ ಹೇಳುತ್ತಿದ್ದ ಸಿದ್ದಲಿಂಗೇಶನಿಗೆ ಅದರ ಗಣಗಳ ವಿಭಾಗವನ್ನು ಓರಣವಾಗಿಡುವ ಹೊಣೆ ಸಿಕ್ಕಿತ್ತು. ಹೊಸಪೇಟೆಯಿಂದ ಕಂಪ್ಲಿಗೆ ಹೋಗುವ ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಮೊಬೈಲು ಹಿಡಿದು ಅವನು ಆ ಕೆಲಸ ಮಾಡುತ್ತಿದ್ದ. ಸಂಬಳವಿರಲಿಲ್ಲ. ಅವನ ಮಾತನ್ನು ಜನ ಗಂಭೀರವಾಗಿ ತೆಗೆದುಕೊಳ್ಳುತ್ತಿದ್ದ ಜಾಗ ಮಾತ್ರ ಅದೊಂದೇ.

ಶೂನ್ಯ ಗಣ ಎಂದರೆ ಒಳಗೆ ಒಬ್ಬರೂ ಇಲ್ಲದ ಗುಂಪು. ಆ ಪುಟದಲ್ಲಿ ಯಾರೋ ಕೊಂಬಿರುವ ಕುದುರೆಗಳ ಉದಾಹರಣೆ ಕೊಟ್ಟಿದ್ದರು. ಹುಡುಗರ ಮನಸ್ಸಿಗೆ ಹತ್ತಿರದ್ದು ಬೇಕೆಂದು ಸಿದ್ದಲಿಂಗೇಶ ಬರೆದ: 'ಹೊಸಪೇಟೆಯ ನಮ್ಮ ಓಣಿಯಲ್ಲಿ ಇನ್ನೊಬ್ಬರ ಉಸಾಬರಿ ಮಾಡದವರ ಗಣ.'

ಎದುರು ಮನೆಯ ಸ್ಫೂರ್ತಿ ಅವನ ವಿದ್ಯಾರ್ಥಿನಿ. 'ನಮ್ಮ ಓಣಿ ವಿಶ್ವಕೋಶದಾಗ ಬಂತು' ಎಂದು ಹೆಮ್ಮೆಯಿಂದ ಅದನ್ನು ಓಣಿಯ ವಾಟ್ಸಾಪ್ ಗುಂಪಿಗೆ ಹಾಕಿದಳು.

ಮೊದಲು ಬಂದವರು ಮನೆಯ ಮಾಲಕಿ ಅಕ್ಕನಾಗಮ್ಮ. ಕೆಳಗಿನಿಂದ ಮೆಟ್ಟಿಲು ಹತ್ತಿ ಬಂದವರೇ ನೆಟ್ಟಗೆ ಅಡುಗೆಮನೆಗೆ ಹೋಗಿ, ಹಾಲಿನ ಕೆಳಗಿನ ಉರಿ ಸಣ್ಣ ಮಾಡಿ, ರವೆ ಡಬ್ಬಿಯೊಳಗೆ ಇಣುಕಿ, ಹೊರಗೆ ಬಂದು ಕೂತರು.

"ಏನ್ರಿ ಸರ, ನಾವು ಮಂದಿ ಉಸಾಬರಿ ಮಾಡ್ತೀವಿ ಅಂತ ಬರ್ದೀರಂತಲ್ಲ? ನಾನು ಯಾರ ಉಸಾಬರಿ ಮಾಡೀನಿ ಹೇಳ್ರಿ. ನಿಮ್ಮ ಹೆಂಡ್ತಿ ಕಾವ್ಯ ಸಂಡೂರಿಗೆ ತವರಿಗೆ ಹೋಗಿ ಭಾಳ ದಿನಾತು, ಯಾಕ ಬಂದಿಲ್ಲ ಅಂತ ಕೇಳೀನಾ? ದಿನಾ ಉಪ್ಪಿಟ್ಟೇ ತಿಂತೀರಿ, ಅಂದೀನಾ? ಫೋನ್ ಮಾಡ್ದಾಗ ಮೊದ್ಲು ದನಿ ಏರ್ಸೋರು ನೀವೇ, ಬಾಯಿ ಬಿಟ್ಟೀನಾ?"

"ಇಲ್ರಿ ಅಮ್ಮಾರ."

"ಮತ್ತ? ಅಳಸ್ರಿ. ಆಗಲ್ಲಾಂದ್ರ ಮನಿ ಖಾಲಿ ಮಾಡ್ರಿ."

ಸಿದ್ದಲಿಂಗೇಶ ತಕ್ಷಣ ಅಳಿಸಿದ. ಅಕ್ಕನಾಗಮ್ಮ ಮೆಟ್ಟಿಲಿಳಿಯುವಷ್ಟರಲ್ಲಿ ಉದಾಹರಣೆ ಮತ್ತೆ ಪುಟದಲ್ಲಿ ಬಂದು ಕೂತಿತ್ತು. ಮೈಸೂರಿನ ಹಿರಿಯ ಸಂಪಾದಕಿ ಶಿಲ್ಪಶ್ರೀ ಅದನ್ನು ವಾಪಸ್ ಹಾಕಿ ಕೆಳಗೆ ಬರೆದಿದ್ದರು: 'ಒಳ್ಳೆಯ ಉದಾಹರಣೆಯನ್ನು ಕಾರಣವಿಲ್ಲದೆ ಅಳಿಸುವಂತಿಲ್ಲ. ತಪ್ಪೆಂದು ಸಾಧಿಸಿ. ಆ ಗಣದಲ್ಲಿ ಒಬ್ಬರಾದರೂ ಇದ್ದಾರೆಂದು ತೋರಿಸಿದರೆ ಸಾಕು.'

ಅಷ್ಟರಲ್ಲಿ ಸ್ಫೂರ್ತಿಯ ಅಪ್ಪ, ರೈಸ್ ಮಿಲ್ ಮಾಲೀಕ ಗಾದಿಲಿಂಗಪ್ಪ, ಅರ್ಧ ಓಣಿಯನ್ನೇ ಹಿಂದೆ ಕಟ್ಟಿಕೊಂಡು ಬಂದರು. ಸಿದ್ದಲಿಂಗೇಶ ನಿಯಮ ವಿವರಿಸಿದ.

"ಒಬ್ರು ಸಾಕಾ? ನನ್ ಹೆಸ್ರು ಹಾಕ್ರಿ," ಎಂದರು ಗಾದಿಲಿಂಗಪ್ಪ.

"ನೀವಾ?" ಅಕ್ಕನಾಗಮ್ಮ ಕೆಳಗಿನಿಂದಲೇ ಕೂಗಿದರು. "ನಮ್ಮನಿಗೆ ಯಾವ ಬಣ್ಣ ಹಚ್ಬೇಕಂತ ಪೇಂಟರ್‌ಗೆ ಹೇಳ್ದೋರು ಯಾರ್ರಿ?"

"ಅದು ಸಲಹೆ."

"ಹಸಿರು ಹಚ್ಚಿ ಹೋದ್ನಲ್ರಿ ಅವ!"

ಒಬ್ಬೊಬ್ಬರೂ ತಮ್ಮ ಹೆಸರು ಹೇಳಿದರು. ಪ್ರತಿ ಹೆಸರಿಗೂ ಪಕ್ಕದ ಮನೆಯವರಲ್ಲಿ ಸಾಕ್ಷ್ಯವಿತ್ತು. ಶಿಲ್ಪಶ್ರೀ ಅಲ್ಲಿದ್ದಿದ್ದರೆ ಆ ಕಠಿಣ ಪರಿಶೀಲನೆಯನ್ನು ಮೆಚ್ಚುತ್ತಿದ್ದರು. ಗಣ ಖಾಲಿಯೇ ಉಳಿಯಿತು. "ಯಾರನ್ನಾದ್ರೂ ಒಬ್ರನ್ನ ಹುಡುಕ್ರಿ ಸರ," ಎಂದರು ಗಾದಿಲಿಂಗಪ್ಪ.

ಆಗ ಯಾರಿಗೋ ಹಂಪಕ್ಕನ ನೆನಪಾಯಿತು. ಕೊನೆಯ ಮನೆಯ ಹಂಪಕ್ಕ ದೊಡ್ಡ ಆಸ್ಪತ್ರೆಯಲ್ಲಿ ನರ್ಸಾಗಿ ನಿವೃತ್ತರಾದವರು. ಯಾರ ಮನೆಗೂ ಹೋದವರಲ್ಲ, ಯಾರನ್ನೂ ಏನೂ ಕೇಳಿದವರಲ್ಲ. ಎಲ್ಲರೂ ಅವರ ಬಾಗಿಲಿಗೆ ನಡೆದರು.

ಹಂಪಕ್ಕ ಬಾಗಿಲು ತೆಗೆದರು. ಅಂಗಳದ ತುಂಬ ಜನ. ಯಾಕೆ ಬಂದಿರಿ ಎಂದು ಕೇಳಲಿಲ್ಲ. ಜನ ಕಾದರು. ಆಗಲೂ ಕೇಳಲಿಲ್ಲ. ಸಿದ್ದಲಿಂಗೇಶನಿಗೆ ಗಣಿತದ ಸಾಧನೆಯೊಂದು ಕಣ್ಣೆದುರು ಮುಗಿಯುತ್ತಿರುವುದನ್ನು ಕಂಡಂತಾಗಿ ಮೈ ಜುಮ್ಮೆಂದಿತು.

"ಅಕ್ಕಾರ, ನೀವು ಯಾರ ಉಸಾಬರಿನೂ ಮಾಡಲ್ಲ, ಹೌದಲ್ರಿ?"

"ಇಲ್ರಿ," ಎಂದು ಹಂಪಕ್ಕ ಬಾಗಿಲು ಹಾಕಿಕೊಂಡರು.

ಸಿದ್ದಲಿಂಗೇಶ ಮನೆಗೆ ಓಡಿ, ಉದಾಹರಣೆಯನ್ನು ಶೂನ್ಯ ಗಣದಿಂದ ಕಿತ್ತು, ಒಂದೇ ಒಂದು ಅಂಶವಿರುವ ಏಕಾಂಶ ಗಣದ ಪುಟಕ್ಕೆ ಸಾಗಿಸಿದ. 'ಆ ಗಣದಲ್ಲಿರುವವರು ಹಂಪಕ್ಕ ಒಬ್ಬರೇ.' ಶಿಲ್ಪಶ್ರೀ ಒಪ್ಪಿದರು. ಸಿದ್ದಲಿಂಗೇಶ ಉಪ್ಪಿಟ್ಟು ಮಾಡಿಕೊಂಡು ನೆಮ್ಮದಿಯಿಂದ ತಿಂದ.

ತಟ್ಟೆ ತೊಳೆಯುವ ಮೊದಲೇ ಗಾದಿಲಿಂಗಪ್ಪ ವಾಪಸ್ ಬಂದರು. ಈ ಸಲ ಇಡೀ ಓಣಿಯಿತ್ತು.

"ಏನ್ ಮಾಡಿಟ್ರಿ ಸರ? ಮೊದ್ಲು ಎಲ್ಲಾರೂ ಕೂಡಿ ಕೆಟ್ಟೋರಿದ್ವಿ, ಅದರಾಗ ಒಂದು ಮರ್ಯಾದಿ ಇತ್ತು. ಈಗ ಒಬ್ಬಾಕಿ ಒಳ್ಳೇಕಿ ಆಗಿ ಕುಂತ್ಲು. ಉಳಿದೋರ ಗತಿ?"

"ಸಾವ್ಕಾರ್ರ, ನೀವೇ ಒಬ್ರನ್ನ ಹುಡುಕ್ರಿ ಅಂದ್ರಲ್ರಿ..."

"ಹುಡುಕ್ರಿ ಅಂದೆ. ಸಿಗ್ತಾರಂತ ಯಾರಿಗ್ಗೊತ್ತಿತ್ತು?"

ಸಿದ್ದಲಿಂಗೇಶ ಹೆದರಿ ಹಂಪಕ್ಕನ ಹೆಸರು ಅಳಿಸಿದ. ಶಿಲ್ಪಶ್ರೀ ವಾಪಸ್ ಹಾಕಿದರು. ಇವನು ಮತ್ತೆ ಅಳಿಸಿದ, ಅವರು ಮತ್ತೆ ಹಾಕಿದರು. ಕೊನೆಗೆ ಅಕ್ಕನಾಗಮ್ಮ ಜನರನ್ನು ಸರಿಸಿಕೊಂಡು ಮುಂದೆ ಬಂದು, ಸಂಜೆಯೊಳಗೆ ಸರಿಮಾಡದಿದ್ದರೆ ಬೀಗದ ಕೈ ಕೊಟ್ಟುಬಿಡಬೇಕೆಂದು ಹೇಳಿ ಎಲ್ಲರನ್ನೂ ಕೆಳಗಿಳಿಸಿದರು.

ಸಂಜೆಯ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು. ಹೊಸ ಸೀರೆಯುಟ್ಟು ಹಂಪಕ್ಕ ನಿಂತಿದ್ದರು. ಕರೆಯುವ ಮೊದಲೇ ಒಳಗೆ ಬಂದು ಕುರ್ಚಿ ಎಳೆದುಕೊಂಡು ಕೂತರು.

"ಸ್ಫೂರ್ತಿ ಬಂದು ಎಲ್ಲಾ ಓದಿ ತೋರ್ಸಿದ್ಲು ಸರ. ನನಗ ಗೊತ್ತೇ ಇರ್ಲಿಲ್ಲ ನೋಡ್ರಿ. ಇಡೀ ಓಣಿಗೆ ನಾನೊಬ್ಬಾಕೀನೇ ಅಂದ ಮ್ಯಾಲೆ ಉಳಿದೋರನ್ನ ತಿದ್ದೋ ಜವಾಬ್ದಾರಿ ನಂದೇ ಅಲ್ಲನ್ರಿ? ಊಟ ಆಗಿದ್ದೇ ಎಲ್ಲಾರ ಮನಿಗೂ ಹೋಗಿ ಬಂದೆ. ಗಾದಿಲಿಂಗಪ್ಪಗ ಸಕ್ರಿ ಕಾಯಿಲೆ ಐತಿ, ಮೈಸೂರ್‌ಪಾಕ್ ಡಬ್ಬಿ ಎತ್ಕೊಂಡು ಬಂದೀನಿ. ಅಕ್ಕನಾಗಮ್ಮಗ ಮನಿ ಹಸಿರು ಬಣ್ಣ ತೆಗಸು ಅಂದೀನಿ. ಕಾವ್ಯಗೂ ಫೋನ್ ಮಾಡಿದ್ನಿ."

"ಕಾವ್ಯಗಾ? ಏನಂದ್ರಿ?"

"ಗಂಡಗ ಬುದ್ಧಿ ಬರೋತನಕ ಬರಬ್ಯಾಡವ್ವಾ ಅಂದೆ. ಹ್ಞೂಂ ಅಂದ್ಲು. ಒಳ್ಳೆ ಹುಡುಗಿ."

ಸಿದ್ದಲಿಂಗೇಶನಿಗೆ ಒಂದು ವಿಷಯ ಸ್ಪಷ್ಟವಾಯಿತು: ಗಣ ಮತ್ತೆ ಶೂನ್ಯವಾಗಿತ್ತು. ಲ್ಯಾಪ್‌ಟಾಪ್ ತೆರೆದ. ತೆರೆಯ ಮೇಲೆ ಕೆಂಪಕ್ಷರದಲ್ಲಿ ಹೀಗಿತ್ತು: 'ಪದೇ ಪದೇ ತಿದ್ದಿದ ಕಾರಣ ಈ ಪುಟಕ್ಕೆ ಬೀಗ ಹಾಕಲಾಗಿದೆ. ಹಂಪಕ್ಕನವರ ಹೆಸರು ಖಾಯಂ.'

ಹಂಪಕ್ಕ ಕನ್ನಡಕ ಏರಿಸಿಕೊಂಡು ಅವನ ಹೆಗಲ ಮೇಲಿಂದ ಬಗ್ಗಿದರು.

"ಏನ್ರಿ ಅದು, ಬೀಗ? ಸರೀರಿ ಅತ್ತಾಗ. ನಾನ್ ನೋಡ್ತೀನಿ."