ನಡುನೀರಿನವನನ್ನು ಊಟಕ್ಕೆ ಕರೆದದ್ದು

ಫಿಕ್ರಿಗೆ ಆ ಶುಕ್ರವಾರ ಬೇಕಿದ್ದದ್ದು ಒಂದೇ: ಜೊತೆಗೆ ಕೆಲಸ ಮಾಡುವ ಶಹೀರಾ ತನ್ನನ್ನು ಮನೆಗೆ ಕರೆಯಬೇಕು. ಒಮ್ಮೆ ಅವಳಪ್ಪನ ಎದುರು ಕೂತು ಚಹಾ ಕುಡಿದುಬಿಟ್ಟರೆ ಮದುವೆಯ ಮಾತನ್ನು ಹೇಗೋ ಎತ್ತಬಹುದು. ಅದಕ್ಕೆಂದೇ ಅಮ್ಮನನ್ನು ಕಾಡಿ ಬೇಡಿ, ಗೋಧಿನುಚ್ಚು ತುಂಬಿ ಹುರಿದ ಪಾರಿವಾಳಗಳನ್ನು ಮಾಡಿಸಿ, ಸೈಕಲ್ಲಿನ ಬುಟ್ಟಿಯಲ್ಲಿ ಎಳೆಗೂಸಿನಂತೆ ಮಲಗಿಸಿಕೊಂಡು ಕಚೇರಿಯವರ ವನಭೋಜನಕ್ಕೆ ಹೊರಟಿದ್ದ.

ಕೈರೋ ದಾಟಿದ ಮೇಲೆ ಕಚೇರಿಯ ಗೆಳೆಯರ ಸೈಕಲ್ಲುಗಳು ನೈಲ್ ದಂಡೆಯಲ್ಲಿ ಮೇಯ್ದು ಮರಳುವ ಎಮ್ಮೆಗಳಂತೆ ತೂಗುತ್ತ ಸಾಗಿದವು. ಫಿಕ್ರಿಗೆ ಕಂಡವರನ್ನೆಲ್ಲ ಊಟಕ್ಕೆ ಕರೆಯುವ ಚಾಳಿ. ನಮ್ಮಲ್ಲಿ ಯಾರಿಗಿಲ್ಲ? ಕರೆಯುವುದು ಇವರ ಮರ್ಯಾದೆ, ಎದೆ ಮುಟ್ಟಿಕೊಂಡು ಒಲ್ಲೆನೆನ್ನುವುದು ಅವರ ಮರ್ಯಾದೆ. ಕಬ್ಬು ಕಡಿಯುವವನನ್ನು ಕರೆದ, ಕತ್ತೆಯೇರಿ ಬರುತ್ತಿದ್ದ ಅಜ್ಜನನ್ನು ಕರೆದ. ಇಬ್ಬರೂ ಹರಸಿ ತಮ್ಮ ದಾರಿ ಹಿಡಿದರು. ಶಹೀರಾ ಅದನ್ನು ನೋಡಿ ನಕ್ಕಳು. ಆ ನಗುವಿಗೆ ಅವನು ಎಣ್ಣೆಗೆ ಬಿದ್ದ ಪೂರಿಯಾದ.

ಅತ್ತಿಮರದ ನೆರಳಿನಲ್ಲಿ ಬಟ್ಟೆ ಹಾಸಿ, ಗಂಟು ಬಿಚ್ಚುವ ಹೊತ್ತಿಗೆ ನಡುಹೊಳೆಯಲ್ಲಿ ಮೀನುಗಾರನ ದೋಣಿಯೊಂದು ಕಂಡಿತು. ನಡುವೆ ಅಷ್ಟು ನೀರಿದ್ದಾಗ ಉದಾರಿಯಾಗಲು ಯಾರಿಗೇನು ಕಷ್ಟ? ಫಿಕ್ರಿ ಎದ್ದು ನಿಂತು, ಬಾಯಿಗೆ ಎರಡೂ ಕೈ ಹಿಡಿದು, ಊಟಕ್ಕೆ ಬರಬೇಕೆಂದು ಆಚೆ ದಡಕ್ಕೂ ಕೇಳುವಂತೆ ಕೂಗಿದ.

ಹುಟ್ಟು ನಿಂತಿತು. ದೋಣಿ ನಿಧಾನವಾಗಿ ಇತ್ತ ಮೂತಿ ತಿರುಗಿಸಿತು.

"ಬರ್ತಾನೇ ಇದಾನಲ್ಲೋ," ಎಂದ ಸಹೋದ್ಯೋಗಿ ಲುತ್ಫಿ. "ಇನ್ನೊಂದ್ಸಲ ಕೂಗು. ಒಳಗೆ ಮಲಗಿರೋರಿಗೆ ಕೇಳಿಸಿರಲಿಕ್ಕಿಲ್ಲ."

ಕೇಳಿಸಿತ್ತು. ಮೀನುಗಾರನ ಹಿಂದೆ ಹೆಂಡತಿ ಇಳಿದಳು, ಅತ್ತೆ ಇಳಿದಳು, ಆಮೇಲೆ ಮಕ್ಕಳು, ಬುಟ್ಟಿ ಎತ್ತಿದಾಗ ಹೊರಬೀಳುವ ಕೋಳಿಮರಿಗಳಂತೆ. ಅತಿಥಿಗಳ ಕೈ ತೊಳೆಸುತ್ತ ಫಿಕ್ರಿ ನಕ್ಕ ನಗುವಿಗೆ ದವಡೆ ನೋಯುತ್ತಿತ್ತು. ಏನೂ ತಿಂದಿಲ್ಲ ನೀವು, ಇನ್ನೊಂದು ಹಾಕಿಕೊಳ್ಳಿ ಎಂದು ನಾಲಿಗೆ ತಾನಾಗಿಯೇ ಉಪಚಾರ ಮಾಡುತ್ತಿತ್ತು. ಅವರು ತಾವಾಗಿಯೇ ಹಾಕಿಕೊಳ್ಳುತ್ತಿದ್ದರು. ಕೊನೆಗೆ ಅವನ ಪಾಲಿಗೆ ಉಳಿದದ್ದು ಅರ್ಧ ಈರುಳ್ಳಿ. ಅತ್ತೆ ತೇಗಿ, ಪಾರಿವಾಳಕ್ಕೆ ಉಪ್ಪು ತುಸು ಮುಂದಾಯಿತೆಂದು ಹೇಳಿ, ಹರಸಿ ದೋಣಿ ಹತ್ತಿದಳು.

ಹೊಟ್ಟೆ ಹಿಡಿದು ಕೂತಿದ್ದ ಫಿಕ್ರಿಯ ಬಳಿಗೆ ಶಹೀರಾ ಬಂದಳು. ಅವಳ ಕಣ್ಣು ತುಂಬಿದಂತಿತ್ತು.

"ಉಸ್ತಾದ್ ಫಿಕ್ರಿ, ಎಲ್ರೂ ಬಾಯಲ್ಲಿ ಕರೀತಾರೆ. ಮನಸಿಂದ ಕರೆಯೋರನ್ನ ನಾನು ಇವತ್ತೇ ನೋಡಿದ್ದು. ಬರೋ ಶುಕ್ರವಾರ ನಮ್ಮನೆಗೆ ಊಟಕ್ಕೆ ಬನ್ನಿ. ಅಪ್ಪ ನಿಮ್ಮನ್ನ ನೋಡ್ಬೇಕು."

ಫಿಕ್ರಿಯ ಎದೆಯೊಳಗೆ ಮದುವೆಯ ನಗಾರಿ ಹೊಡೆದುಕೊಂಡಿತು. ಆದರೂ ಮೊದಲ ಕರೆಗೇ ಹೂಂ ಎನ್ನಲು ಅವನೇನು ಹಸಿದು ಬಂದವನೇ? ಹಸಿದೇ ಇದ್ದ, ಆ ಮಾತು ಬೇರೆ. ಅವನ ಬಲಗೈ ಮೆಲ್ಲಗೆ ಎದೆಯ ಮೇಲೇರಿತು.

"ಅಯ್ಯೋ, ಬೇಡಿ. ನಿಮಗ್ಯಾಕೆ ಸುಮ್ನೆ ತೊಂದರೆ?" ಎಂದು ತಲೆ ತಗ್ಗಿಸಿ, ಎರಡನೆಯ ಕರೆಗಾಗಿ ಕಾದು ನಿಂತ.

ಶಹೀರಾಳ ಮುಖ ಬಾಡಿತು. ಸೈಕಲ್ಲಿನ ಗಂಟೆಯನ್ನು ಸವರುತ್ತ ಹೇಳಿದಳು:

"ಆಯ್ತು ಬಿಡಿ. ಬೇರೆಯವರಾಗಿದ್ರೆ ಇನ್ನೊಂದ್ಸಲ ಕರೀತಿದ್ದೆ. ನೀವು ಬಾಯಿಮಾತಿಗೆ ಏನೂ ಹೇಳೋರಲ್ಲ."

ಪಕ್ಕದಲ್ಲಿ ನಿಂತವನನ್ನು ಬಿಟ್ಟರೆ ಚೆನ್ನಾಗಿರದೆಂದು, ಬರೀ ಮರ್ಯಾದೆಗೆ, ಅವಳು ಲುತ್ಫಿಯನ್ನೂ ಕರೆದಳು.

ಲುತ್ಫಿ ಅತಿಥಿಗಳ ಸಾಲಿನಲ್ಲೇ ಕೂತು ಉಂಡಿದ್ದ. ಹಲ್ಲಿನ ಸಂದಿಯಿಂದ ಪಾರಿವಾಳದ ಎಳೆಯೊಂದನ್ನು ಎಳೆಯುತ್ತ ಕೇಳಿದ:

"ಎಷ್ಟು ಹೊತ್ತಿಗೆ ಬರ್ಲಿ?"