ಬೀಗರ ಜೋಡಿ ಕಳ್ಳರಾಟ

ಮಾತು ಕಡಿಮೆ ಮಾಡು ಎಂದು ನನಗೆ ಬುದ್ಧಿ ಹೇಳದವರು ನಮ್ಮ ಕೆಂಭಾವಿಯಲ್ಲಿ ಯಾರೂ ಉಳಿದಿರಲಿಕ್ಕಿಲ್ಲ. “ನಿಮ್ಮ ಸಾಲಿಗೆ ಐತವಾರ ಸೂಟಿ ಐತಿ, ನಿಮ್ಮ ಬಾಯಿಗೆ ಇಲ್ಲ ನೋಡ್ರಿ” ಎಂದು ಹೆಂಡತಿ ಶರಣಮ್ಮ ಮೂದಲಿಸುತ್ತಾಳೆ. ಮಾಸ್ತರಿಕೆ ಮಾಡುವವನ ಬಾಯಿ, ಏನು ಮಾಡಲಿ! ಕೊನೆಗೆ ಆ ಬಾಯಿಗೂ ಭಾನುವಾರದ ರಜೆ ಕೊಡಿಸಿದ್ದು ಫೋನಿನೊಳಗಿನ ಒಂದು ಆಟ.

ಮಗಳು ಭಾಗ್ಯಳನ್ನು ಶಹಾಪುರಕ್ಕೆ ಕೊಟ್ಟಿದ್ದೇವೆ. ಎರಡೂ ಮನೆಯವರು ಕೂಡಿ ನಗಲಿ ಎಂದು ಅಳಿಯ ಮಲ್ಲಿಕಾರ್ಜುನ ಎಲ್ಲರ ಫೋನಿಗೂ ಈ ಆಟ ಹಾಕಿಕೊಟ್ಟ. ಭಾನುವಾರ ಸಂಜೆ ಅಲ್ಲಿ ಅವರು, ಇಲ್ಲಿ ನಾವು ಆಟಕ್ಕೆ ಕೂಡುತ್ತೇವೆ. ಫೋನು ಗುಟ್ಟಾಗಿ ಒಬ್ಬರನ್ನು ಕಳ್ಳ ಮಾಡುತ್ತದೆ. ಕಳ್ಳ ಯಾರೆಂದು ಎಲ್ಲರೂ ವಾದ ಮಾಡಿ ಓಟು ಹಾಕಬೇಕು. ಹೆಚ್ಚು ಓಟು ಬಿದ್ದವರು ಹೊರಗೆ. ಹೊರಗಾದವರಿಗೆ ಉಳಿದವರ ಮಾತು ಕೇಳಿಸುತ್ತದೆ, ಆದರೆ ಅವರ ಬಾಯಿಯನ್ನು ಫೋನೇ ಬಂದ್ ಮಾಡಿಬಿಡುತ್ತದೆ.

ಪ್ರತಿ ವಾರ ಮೊದಲು ಹೊರಬೀಳುವವನು ನಾನೇ. ಯಾಕೆಂದು ಬಹಳ ವಿಚಾರ ಮಾಡಿದೆ. ಬೀಗರಿಗೆ, ಬೀಗತಿಗೆ ‘ಕಳ್ಳರು’ ಎನ್ನುವುದೇ? ಬಿಡ್ತು ಅನ್ನಿ! ಅಳಿಯನಿಗೂ ಅನ್ನುವಂತಿಲ್ಲ. ಮಗಳ ಮೇಲೆ ಯಾರಿಗೂ ಮನಸ್ಸು ಬಾರದು. ಶರಣಮ್ಮನ ತಂಟೆಗೆ ಹೋಗುವ ಧೈರ್ಯ ಯಾರಿಗೂ ಇಲ್ಲ. ಉಳಿದ ಬಡಪಾಯಿ ನಾನು. ಬೇರೆ ದಿನ ಫೋನು ಮಾಡಿದರೆ ಮಗಳಿಗೆ ನೂರೆಂಟು ಕೆಲಸ. ವಾರವೆಲ್ಲ ಆಕೆಗೆಂದು ಮಾತು ಕೂಡಿಟ್ಟುಕೊಂಡು, ಭಾನುವಾರ ಆಕೆಯ ನಗು ಕೇಳುತ್ತ ಮೂಕನಾಗಿ ಕೂರಬೇಕಾಗುತ್ತಿತ್ತು.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಹೊಸ ಪದ್ಧತಿಯೊಂದನ್ನು ಸಭೆಯ ಮುಂದಿಟ್ಟೆ: ಇನ್ನು ಜೋಡಿ ಜೋಡಿಯಾಗಿ ಆಡೋಣ, ಈ ಮನೆಯವರೊಬ್ಬರು, ಆ ಮನೆಯವರೊಬ್ಬರು. ಒಬ್ಬ ಕಳ್ಳನಾದರೆ ಜೋಡಿಯೂ ಕಳ್ಳ. ಹೊರಗೆ ಹೋದರೆ ಇಬ್ಬರೂ ಕೂಡಿಯೇ ಹೋಗಬೇಕು. ಎರಡು ಮನೆತನ ಒಂದಾಗುವ ಬಗ್ಗೆ ಸಣ್ಣ ಭಾಷಣವನ್ನೂ ಬಿಗಿದೆ. ಒಳಗಿನ ಹುನ್ನಾರ ಬೇರೆ. ನಾನು ಬೀಗರಾದ ಸಿದ್ದಪ್ಪನವರ ಜೋಡಿಯಾದರೆ ನನ್ನನ್ನು ಹೊರಗೆ ಹಾಕುವ ಧೈರ್ಯ ಯಾರಿಗಿದೆ?

ಭಾಗ್ಯ ಯಾವ ಮನೆಯ ಲೆಕ್ಕಕ್ಕೆ ಎಂಬ ತಕರಾರು ಹುಟ್ಟಿತು. “ಈಗ ಆಕಿ ನಮ್ಮಾಕಿ ರಿ” ಎಂದರು ಬೀಗತಿ. ಜೋಡಿ ಕೂಡುವುದಿಲ್ಲವೆಂದು ತಿಳಿದಾಗ, “ಆಟದ ಮಟ್ಟಿಗೆ ಅಷ್ಟ ಒಯ್ರಿ” ಎಂದು ದೊಡ್ಡ ಮನಸ್ಸು ಮಾಡಿದರು.

ಆಟ ಶುರುವಾಯಿತು. ಅಂದುಕೊಂಡಂತೆ ಬೀಗರೇ ನನ್ನ ಜೋಡಿ; ಅವರ ಆಸರೆಯಲ್ಲಿ ದಿಂಬಿಗೊರಗಿ ಆರಾಮಾಗಿ ಕೂತೆ. ಓಟು ಬಂತು.

“ಅಣ್ಣಾರ, ತಪ್ಪು ತಿಳ್ಕೋಬ್ಯಾಡ್ರಿ. ನನ್ನ ಓಟು ನಿಮಗಲ್ಲ, ನಿಮ್ಮ ಜೋಡಿದಾರಗ” ಎಂದು ಬೀಗರಿಗೆ ಹೇಳಿದಳು ಶರಣಮ್ಮ.

“ನಂದೂ ಅಷ್ಟ ರಿ” ಎಂದರು ಬೀಗತಿ.

ಅಳಿಯ ಕೆಮ್ಮಿದ. “ಮಾಫ್ ಮಾಡ್ರಿ ಮಾವಾರ.”

ಕೊನೆಗೆ ನನ್ನ ಮಗಳು! ಆಕೆ ತನ್ನ ಮಾವನಿಗೆ ಹೇಳಿದಳು: “ಸಿಟ್ಟಾಗಬ್ಯಾಡ್ರಿ ಮಾವಾರ. ನೀವು ಕಳ್ಳರಲ್ಲ ಅಂತ ಗೊತ್ತೈತಿ. ಆದ್ರ ನಮ್ಮಪ್ಪ ಒಳಗಿದ್ರ ನಮಗ್ಯಾರಿಗೂ ಮಾತಾಡಾಕ ಪಾಳಿ ಸಿಗಂಗಿಲ್ಲ.”

ಅಯ್ಯೋ ಶಿವನೆ! ಇಷ್ಟು ದಿನ ನಾನು ಬೀಗತನದ ಮರ್ಯಾದೆಯನ್ನು ಬೈಯುತ್ತಿದ್ದೆ.

ಇಬ್ಬರ ಬಾಯಿಯೂ ಬಂದಾಯಿತು. ಅಷ್ಟರಲ್ಲಿ, ಆಟವಿಲ್ಲದೆ ಮೂಲೆಗೆ ಬಿದ್ದಿದ್ದ ಶರಣಮ್ಮನ ಹಳೆಯ ಫೋನು ಬಡಿದುಕೊಂಡಿತು. ಬೀಗರು! ಎದುರಿಗೆ ಕೂತರೆ ‘ಹೌದ್ರಿ’, ‘ಅಲ್ರಿ’ ಬಿಟ್ಟು ಮೂರನೆಯ ಮಾತಾಡದ ಮನುಷ್ಯ. “ಅವರು ಹೊರಗ ಹಾಕಿದ್ರ ಹಾಕಲಿ ಬೀಗರ, ನಾವು ಮಾತಾಡೋಣು ಬರ್ರಿ” ಎಂದು ಶುರು ಹಚ್ಚಿದರು. ಎತ್ತಿನ ಮೊಣಕಾಲು ನೋವು, ತಮ್ಮ ಹಲ್ಲುನೋವು, ವನದುರ್ಗದ ಷಡ್ಡಕನ ಮೊಂಡುತನ, ಮತ್ತೆ ಹಲ್ಲುನೋವು. ನಾನು “ಅಂದಂಗ…” ಎನ್ನುವಷ್ಟರಲ್ಲಿ ಅವರು ಮುಂದಿನ ಊರು ದಾಟಿರುತ್ತಿದ್ದರು. ಅವರ ಬೆನ್ನ ಹಿಂದೆ ಭಾಗ್ಯ ಬಿದ್ದು ಬಿದ್ದು ನಗುವುದು ಕೇಳುತ್ತಿತ್ತು. ನನಗೂ ಸುಮ್ಮಸುಮ್ಮನೆ ಖುಷಿಯಾಗಿ ‘ಹೂಂ’ಗುಟ್ಟುತ್ತ ಕೂತೆ.

ಆಟ ಮುಗಿದ ಮೇಲೆ ಮಗಳು ಮಾವನ ಕೈಯಿಂದ ಫೋನು ಇಸಿದುಕೊಂಡಳು. “ಯಪ್ಪಾ, ಬರೇ ಕೇಳ್ಕೋತ ಕುಂದ್ರೋದು ಹೆಂಗಾತು?”

“ಹೂಂ” ಎಂದೆ.

“ಇರ್ಲಿ, ಈಗ ನೀ ಹೇಳು. ನಾ ಕೇಳ್ತೀನಿ. ನಡುವ ಬಾಯಿ ಹಾಕಂಗಿಲ್ಲ.”

ವಾರವೆಲ್ಲ ಕೂಡಿಟ್ಟದ್ದು ಎಲ್ಲಿ ಹೋಯಿತೋ! ಒಂದೂ ನೆನಪಾಗಲಿಲ್ಲ. “ಊಟ ಆತೇನವಾ?” ಎಂದೆ.